ಬೇಸಿಗೆಯ ಪಂದ್ಯಗಳು ಮತ್ತು ತೀರ್ಪುಗಾರರ ಸುರಕ್ಷತೆ

ಪರೀಕ್ಷೆಗಳು ಮುಗಿದು ಶಾಲೆಗಳಿಗೆ ರಜೆ ಬಂದೊಡನೆಯೇ ಹೈದರಾಬಾದಿನ ಮೈದಾನಗಳು ತುಂಬಿಕೊಳ್ಳುತ್ತವೆ. ಮಾದಾಪುರ, ಕೊಂಡಾಪುರ, ಗಚ್ಚಿಬೌಲಿ ಪ್ರದೇಶಗಳ ಸಾಫ್ಟ್‌ವೇರ್ ಸಂಸ್ಥೆಗಳ ನಡುವಣ ಕ್ರಿಕೆಟ್, ಅಪಾರ್ಟ್‌ಮೆಂಟುಗಳ ಲೀಗ್ ಪಂದ್ಯಗಳು, ಮಕ್ಕಳ ಬೇಸಿಗೆ ಶಿಬಿರಗಳು, ಕನ್ನಡ ಕುಟುಂಬಗಳ ಕ್ರೀಡಾಕೂಟಗಳು, ಇವೆಲ್ಲಕ್ಕೂ ಏಪ್ರಿಲ್ ಮತ್ತು ಮೇ ತಿಂಗಳುಗಳೇ ಬಿಡುವಿನ ಕಾಲ. ದುರದೃಷ್ಟವಶಾತ್ ಸೂರ್ಯನು ಅತ್ಯಂತ ಪ್ರಖರನಾಗಿರುವ ಕಾಲವೂ ಅದೇ. ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲೂ ಸೀಳುತ್ತದೆ ಎಂಬುದು ನಮ್ಮ ನೆರೆಹೊರೆಯ ತೆಲುಗರ ಗಾದೆ.

ಬಿಸಿಲಿನಲ್ಲಿ ಆಡುವ ಮಕ್ಕಳ ಬಗ್ಗೆ ತಾಯ್ತಂದೆಯರು ಕಾಳಜಿ ವಹಿಸುತ್ತಾರೆ. ಆಟಗಾರರ ಬಗ್ಗೆ ನಾಯಕರೂ ತರಬೇತುದಾರರೂ ಯೋಚಿಸುತ್ತಾರೆ. ಆದರೆ ಮೈದಾನದಲ್ಲಿ ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ನಿಂತೇ ಇರುವ ಇನ್ನೊಬ್ಬ ವ್ಯಕ್ತಿಯುಂಟು. ಕ್ರಿಕೆಟ್ಟಿನಲ್ಲಿ ಆತನನ್ನು ಅಂಪೈರ್ ಎಂದೂ ಫುಟ್‌ಬಾಲಿನಲ್ಲಿ ರೆಫರಿ ಎಂದೂ ಕರೆಯುತ್ತೇವೆ. ಆತನಿಗೆ ನೀರು ಬೇಕೇ, ನೆರಳು ಬೇಕೇ, ಮೈ ಸರಿಯಿದೆಯೇ ಎಂದು ವಿಚಾರಿಸುವವರು ವಿರಳ. ಬಿರುಬಿಸಿಲಿನಲ್ಲಿ ತೀರ್ಪುಗಾರರಿಗೆ ಒದಗುವ ಅಪಾಯ ಯಾವ ಬಗೆಯದು, ಅದು ಏಕೆ ಆಟಗಾರರ ಅಪಾಯಕ್ಕಿಂತ ಭಿನ್ನವಾದುದು, ಅದನ್ನು ತಪ್ಪಿಸಲು ನಾವೇನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಕಾನ್ಸಾಸ್ ಸಿಟಿಯ ಘಟನೆ

2024ರ ಜೂನ್ 25ರಂದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಕೋಪಾ ಅಮೆರಿಕ ಫುಟ್‌ಬಾಲ್ ಪಂದ್ಯಾವಳಿಯ ಅಂಗವಾಗಿ ಕೆನಡಾ ಮತ್ತು ಪೆರು ತಂಡಗಳು ಎದುರಾದವು. ಪಂದ್ಯ ಆರಂಭವಾದುದು ಸಂಜೆ 5 ಗಂಟೆಗೆ. ಉಷ್ಣಾಂಶ ಸುಮಾರು 33 ಡಿಗ್ರಿ ಸೆಲ್ಸಿಯಸ್. ಗಾಳಿಯ ತೇವಾಂಶವನ್ನೂ ಸೇರಿಸಿದರೆ ಮೈಗೆ ತಟ್ಟುತ್ತಿದ್ದ ಸೆಕೆ 38 ಡಿಗ್ರಿಯಷ್ಟು. ಮೊದಲರ್ಧ ಮುಗಿಯುವ ಹೊತ್ತಿಗೆ ಗೆರೆಯ ಬದಿಯಲ್ಲಿದ್ದ ಸಹಾಯಕ ರೆಫರಿ, ಗ್ವಾಟೆಮಾಲಾ ದೇಶದ ಹುಂಬೆರ್ತೊ ಪಾನ್ಹೋಹ್, ಇದ್ದಕ್ಕಿದ್ದಂತೆ ನೆಲಕ್ಕೆ ಕುಸಿದರು. ಅವರ ಸ್ಥಿತಿಯನ್ನು ಗಮನಿಸಿ ನೆರವಿಗೆ ಧಾವಿಸಿದವರಲ್ಲಿ ಕೆನಡಾದ ಗೋಲ್‌ಕೀಪರ್ ಮ್ಯಾಕ್ಸಿಮ್ ಕ್ರೆಪೋ ಮೊದಲಿಗರು. ದೇಹದಲ್ಲಿ ನೀರಿನಂಶ ಕಡಿಮೆಯಾದುದೇ ಕುಸಿತಕ್ಕೆ ಕಾರಣವೆಂದು ಆನಂತರ ಪ್ರಕಟವಾಯಿತು. ಅದೃಷ್ಟವಶಾತ್ ಅವರು ಚೇತರಿಸಿಕೊಂಡರು.

ಈ ಘಟನೆಯಲ್ಲಿ ಹೈದರಾಬಾದಿನ ಓದುಗರು ಗಮನಿಸಬೇಕಾದುದು ಉಷ್ಣಾಂಶದ ಅಂಕಿಯನ್ನು. 33 ಡಿಗ್ರಿಯೆಂದರೆ ನಮಗೆ ಮಾರ್ಚ್ ತಿಂಗಳ ಸಾಧಾರಣ ಮಧ್ಯಾಹ್ನ. ಕುಸಿದವರು ಅಂತರರಾಷ್ಟ್ರೀಯ ಮಟ್ಟದ ಅಧಿಕಾರಿ. ದೈಹಿಕ ಕ್ಷಮತೆಯ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ ಬಂದವರು. ವೈದ್ಯರ ತಂಡವು ಕೂಗಳತೆಯಲ್ಲೇ ಇತ್ತು. ನಮ್ಮ ಭಾನುವಾರದ ಪಂದ್ಯಗಳಲ್ಲಿ ಇವುಗಳಲ್ಲಿ ಯಾವುದೂ ಇರುವುದಿಲ್ಲ.

ಮದ್ರಾಸಿನ ಐದು ದಿನಗಳು

ಕ್ರಿಕೆಟ್ಟಿನಲ್ಲಿ ಬಿಸಿಲಿನ ಮಾತು ಬಂದಾಗಲೆಲ್ಲ ಹಿರಿಯರು ನೆನೆಯುವುದು 1986ರ ಸೆಪ್ಟೆಂಬರ್ 18ರಿಂದ 22ರವರೆಗೆ ಮದ್ರಾಸಿನ ಚಿದಂಬರಂ ಕ್ರೀಡಾಂಗಣದಲ್ಲಿ ನಡೆದ ಭಾರತ–ಆಸ್ಟ್ರೇಲಿಯ ಟೆಸ್ಟನ್ನು. ಸಮುದ್ರ ತೀರದ ತೇವಭರಿತ ಸೆಕೆಯಲ್ಲಿ ಡೀನ್ ಜೋನ್ಸ್ ಎಂಟು ಗಂಟೆಗೂ ಹೆಚ್ಚು ಕಾಲ ಆಡಿ 210 ಓಟಗಳನ್ನು ಗಳಿಸಿದರು. ನಡುನಡುವೆ ಮೈದಾನದಲ್ಲೇ ವಾಂತಿ ಮಾಡಿಕೊಂಡರು. ಇನ್ನಿಂಗ್ಸ್ ಮುಗಿದ ಮೇಲೆ ಅವರನ್ನು ಆಸ್ಪತ್ರೆಗೆ ಸೇರಿಸಿ ಸಲೈನ್ ಏರಿಸಬೇಕಾಯಿತು. ಪಂದ್ಯವು ಸರಿಸಮವಾಗಿ ಮುಗಿದುದರಿಂದ ಅದು ಟೆಸ್ಟ್ ಇತಿಹಾಸದಲ್ಲಿ ಎರಡನೆಯ 'ಟೈ' ಆಯಿತು.

ಜೋನ್ಸ್ ಅವರ ಸಾಹಸವನ್ನು ನೆನೆಯುವವರು ಅದೇ ಮೈದಾನದಲ್ಲಿ ಐದೂ ದಿನ ನಿಂತಿದ್ದ ಇಬ್ಬರನ್ನು ನೆನೆಯುವುದು ಕಡಿಮೆ. ಒಬ್ಬರು ದಾರಾ ದೋತಿವಾಲಾ, ಇನ್ನೊಬ್ಬರು ನಮ್ಮ ಬೆಂಗಳೂರಿನ ವಿ. ವಿಕ್ರಮರಾಜು. ಆಸ್ಟ್ರೇಲಿಯ ಬ್ಯಾಟ್ ಮಾಡುವಾಗ ಅದರ ಒಂಬತ್ತು ಮಂದಿ ನೆರಳಿನಲ್ಲಿ ಕುಳಿತಿದ್ದರು. ಭಾರತ ಬ್ಯಾಟ್ ಮಾಡುವಾಗ ಭಾರತದ ಒಂಬತ್ತು ಮಂದಿ. ಅಂಪೈರುಗಳಿಗೆ ಅಂತಹ ಸರದಿಯಿರಲಿಲ್ಲ. ದಿನಕ್ಕೆ ಆರು ಗಂಟೆಯಂತೆ ಐದು ದಿನ, ಅಂದರೆ ಹತ್ತಿರ ಹತ್ತಿರ ಮೂವತ್ತು ಗಂಟೆಗಳ ಕಾಲ, ನಾಲ್ಕೂ ಇನ್ನಿಂಗ್ಸುಗಳಿಗೆ ಅವರಿಬ್ಬರೇ. ಕೊನೆಯ ದಿನದ ಕೊನೆಯ ಓವರಿನ ಐದನೆಯ ಎಸೆತದಲ್ಲಿ, ಎರಡೂ ತಂಡಗಳ ಮೊತ್ತ ಸಮವಾಗಿದ್ದಾಗ, ಮಣಿಂದರ್ ಸಿಂಗ್ ಎಲ್‌ಬಿಡಬ್ಲ್ಯು ಆದರೆಂದು ವಿಕ್ರಮರಾಜು ಬೆರಳೆತ್ತಿದರು. ಆ ತೀರ್ಪಿನ ಬಗ್ಗೆ ವಾದ ವಿವಾದಗಳು ಇಂದಿಗೂ ನಡೆದಿವೆ. ಅದು ಅವರ ಕೊನೆಯ ಟೆಸ್ಟ್ ಆಯಿತು. ತೀರ್ಪಿನ ಸರಿತಪ್ಪುಗಳನ್ನು ಇಲ್ಲಿ ಚರ್ಚಿಸುವುದು ನಮ್ಮ ಉದ್ದೇಶವಲ್ಲ. ಮೂವತ್ತು ಗಂಟೆಗಳ ಸೆಕೆಯ ನಂತರ, ಕ್ಷಣಮಾತ್ರದಲ್ಲಿ, ಲಕ್ಷಾಂತರ ಮಂದಿ ಕಾಯುತ್ತಿರುವ ನಿರ್ಣಯವನ್ನು ಒಬ್ಬ ಮನುಷ್ಯನಿಂದ ನಾವು ನಿರೀಕ್ಷಿಸಿದ್ದೆವು ಎಂಬುದನ್ನು ಮಾತ್ರ ಓದುಗರ ಗಮನಕ್ಕೆ ತರಬಯಸುತ್ತೇವೆ.

ದೇಹದ ಜಮಾಖರ್ಚು

ಬ್ಯಾಂಕಿನ ನೌಕರರಾದ ನಮಗೆ ಪರಿಚಿತವಾದ ಭಾಷೆಯಲ್ಲಿ ಹೇಳುವುದಾದರೆ, ದೇಹದ ಉಷ್ಣವೂ ಒಂದು ಜಮಾಖರ್ಚಿನ ಲೆಕ್ಕ. ಜಮೆ ಎರಡು ಮೂಲಗಳಿಂದ: ಸ್ನಾಯುಗಳು ಕೆಲಸ ಮಾಡುವಾಗ ಒಳಗೆ ಹುಟ್ಟುವ ಶಾಖ, ಬಿಸಿಲಿನಿಂದಲೂ ಕಾದ ನೆಲದಿಂದಲೂ ಹೊರಗಿನಿಂದ ಬರುವ ಶಾಖ. ಖರ್ಚಿನ ದಾರಿಗಳೂ ಮುಖ್ಯವಾಗಿ ಎರಡು: ಚರ್ಮದಿಂದ ಸುತ್ತಣ ಗಾಳಿಗೆ ಶಾಖ ಹರಿಯುವುದು, ಬೆವರು ಆವಿಯಾಗುವುದು. ಜಮೆ ಖರ್ಚುಗಳು ಸಮನಾಗಿದ್ದರೆ ದೇಹದ ಒಳಗಿನ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ.

ಚರ್ಮದ ಉಷ್ಣತೆ ಬಿಸಿಲಿನಲ್ಲಿ ಸುಮಾರು 35 ಡಿಗ್ರಿ. ಸುತ್ತಣ ಗಾಳಿ ಅದಕ್ಕಿಂತ ತಂಪಾಗಿದ್ದರೆ ಶಾಖ ಹೊರಗೆ ಹರಿಯುತ್ತದೆ. ಗಾಳಿಯೇ 40 ಡಿಗ್ರಿಗೆ ಏರಿದಾಗ ಈ ದಾರಿ ಮುಚ್ಚುವುದಷ್ಟೇ ಅಲ್ಲ, ತಿರುವುಮುರುವಾಗುತ್ತದೆ. ಗಾಳಿಯೇ ದೇಹವನ್ನು ಕಾಯಿಸತೊಡಗುತ್ತದೆ. ಆಗ ಉಳಿಯುವುದು ಬೆವರಿನ ದಾರಿ ಮಾತ್ರ. ಒಂದು ಲೀಟರ್ ಬೆವರು ಸಂಪೂರ್ಣ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆವಿಯಾಗದೆ ಹನಿಹನಿಯಾಗಿ ಕೆಳಗಿಳಿಯುತ್ತದೆ. ಹಾಗೆ ಇಳಿದ ಬೆವರಿನಿಂದ ದೇಹಕ್ಕೆ ನೀರಿನ ನಷ್ಟವಲ್ಲದೆ ತಂಪಿನ ಲಾಭವಿಲ್ಲ.

ಇತ್ತ ಹೃದಯಕ್ಕೆ ಎರಡು ಕೆಲಸ. ಚರ್ಮವನ್ನು ತಂಪಾಗಿಸಲು ಅಲ್ಲಿಗೆ ಹೆಚ್ಚು ರಕ್ತ ಕಳುಹಿಸಬೇಕು. ಮಿದುಳಿಗೂ ಸ್ನಾಯುಗಳಿಗೂ ಕೊರತೆಯಾಗದಂತೆ ನೋಡಿಕೊಳ್ಳಬೇಕು. ಬೆವರಿ ಬೆವರಿ ರಕ್ತದಲ್ಲಿನ ನೀರಿನಂಶ ಇಳಿದಂತೆಲ್ಲ ಈ ಕೆಲಸ ಕಷ್ಟವಾಗುತ್ತದೆ. ಒಳಗಿನ ಉಷ್ಣತೆ 40 ಡಿಗ್ರಿ ಮೀರಿ, ಮಾತು ತೊದಲಿ, ಮನಸ್ಸು ಗೊಂದಲಗೊಂಡರೆ ಅದು ಉಷ್ಣಾಘಾತ. ನಮ್ಮ ಕಡೆ ಬಿಸಿಲು ಬಡಿಯಿತು ಎನ್ನುತ್ತೇವೆ. ಇಲ್ಲಿಯವರು ವಡದೆಬ್ಬ ಎನ್ನುತ್ತಾರೆ. ಆ ಘಟ್ಟದಲ್ಲಿ ನಿಮಿಷ ನಿಮಿಷವೂ ಪ್ರಾಣದ ಪ್ರಶ್ನೆ.

ನಿಂತಿರುವುದೂ ಶ್ರಮವೇ

ಅಂಪೈರ್ ಓಡುವುದಿಲ್ಲವಲ್ಲ, ಆತನಿಗೇನು ಆಯಾಸ ಎಂಬ ಪ್ರಶ್ನೆ ಸಹಜ. ಫುಟ್‌ಬಾಲ್ ರೆಫರಿಯ ವಿಷಯದಲ್ಲಿ ಈ ಪ್ರಶ್ನೆಯೇ ಏಳದು. ದೊಡ್ಡ ಪಂದ್ಯವೊಂದರಲ್ಲಿ ಆತ ಹತ್ತು ಕಿಲೋಮೀಟರಿನಷ್ಟು ಓಡಾಡುತ್ತಾನೆ. ಕ್ರಿಕೆಟ್ ಅಂಪೈರಿನ ಸ್ನಾಯುಗಳಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲವೆಂಬುದು ನಿಜ. ಆದರೆ ನಿಂತಿರುವುದಕ್ಕೆ ಅದರದೇ ಆದ ಅಪಾಯವಿದೆ.

ನಡೆಯುವಾಗ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಗೊಂಡು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗಾಡದೆ ನಿಂತಾಗ ಈ ಸಹಾಯ ತಪ್ಪುತ್ತದೆ. ಬಿಸಿಲಿಗೆ ರಕ್ತನಾಳಗಳು ಹಿಗ್ಗಿರುವುದರಿಂದ ರಕ್ತ ಕಾಲುಗಳಲ್ಲಿಯೇ ಸಂಗ್ರಹವಾಗಿ, ಮಿದುಳಿಗೆ ಹೋಗುವ ಪ್ರಮಾಣ ಕಡಿಮೆಯಾಗಿ, ತಲೆ ಸುತ್ತಿ ಬೀಳುವ ಸಂಭವ ಉಂಟು. ಕವಾಯತಿನಲ್ಲಿ ಸೆಟೆದು ನಿಂತ ಯೋಧರೂ ಶಾಲೆಯ ಪ್ರಾರ್ಥನೆಯಲ್ಲಿ ನಿಂತ ಮಕ್ಕಳೂ ತಲೆತಿರುಗಿ ಬೀಳುವುದು ಇದೇ ಕಾರಣದಿಂದ. ಹಾಗೆ ಬೀಳುವಾಗ ತಲೆಗೆ ಪೆಟ್ಟಾಗುವ ಅಪಾಯ ಬೇರೆ.

ಇದಕ್ಕೆ ನಮ್ಮ ಪಂದ್ಯಗಳ ಒಂದು ವಾಡಿಕೆಯೂ ಸೇರಿಕೊಳ್ಳುತ್ತದೆ. ಅಂಪೈರ್ ಆಗಲು ನಾವು ಯಾರನ್ನು ಕರೆಯುತ್ತೇವೆ? ಆಡಲು ಆಗದವರನ್ನು. ಮೊಣಕಾಲು ನೋವಿನವರು, ನಿವೃತ್ತಿಯ ಹೊಸ್ತಿಲಲ್ಲಿರುವವರು, ಹಿಂದೊಮ್ಮೆ ಚೆನ್ನಾಗಿ ಆಡಿದವರು. "ಸಾರ್, ನೀವೇ ನಿಂತುಬಿಡಿ, ನಿಮ್ಮ ಮಾತನ್ನು ಎಲ್ಲರೂ ಕೇಳುತ್ತಾರೆ" ಎಂದು ಯುವಕರು ಗೌರವದಿಂದಲೇ ಒತ್ತಾಯಿಸುತ್ತಾರೆ. ಹೀಗೆ ಇಡೀ ಮೈದಾನದಲ್ಲಿ ಬಿಸಿಲನ್ನು ತಾಳುವ ಶಕ್ತಿ ಅತ್ಯಂತ ಕಡಿಮೆಯಿರುವವರಿಗೆ ಅತ್ಯಂತ ದೀರ್ಘವಾದ ಬಿಸಿಲನ್ನು ನಾವು ಹಂಚುತ್ತೇವೆ.

ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಐವತ್ತು ದಾಟಿದವರಲ್ಲಿ ಅನೇಕರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಔಷಧ ಸೇವಿಸುವವರು. ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಇಳಿಸುತ್ತವೆ. ಹೃದಯದ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ವರ್ಗದ ಮಾತ್ರೆಗಳು ಬಿಸಿಲಿಗೆ ಹೃದಯ ತೋರಬೇಕಾದ ಸ್ಪಂದನವನ್ನು ತಡೆಯುತ್ತವೆ. ನೆಗಡಿ, ಅಲರ್ಜಿಗಳಿಗೆ ನುಂಗುವ ಕೆಲವು ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ. ಈ ಔಷಧಗಳನ್ನು ತಾವಾಗಿಯೇ ನಿಲ್ಲಿಸಕೂಡದು. ಬಿಸಿಲಿನಲ್ಲಿ ನಿಲ್ಲುವ ಮುನ್ನ ತಮ್ಮ ವೈದ್ಯರನ್ನು ಒಂದು ಮಾತು ಕೇಳುವುದು ಒಳಿತು.

ಪತ್ರಿಕೆಯ ಡಿಗ್ರಿ, ಮೈದಾನದ ಡಿಗ್ರಿ

ಪತ್ರಿಕೆಯಲ್ಲಿ ಪ್ರಕಟವಾಗುವ ಉಷ್ಣಾಂಶವು ನೆರಳಿನದು. ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಮಾಪಕವನ್ನಿಟ್ಟು ಅಳೆಯುವುದು ಪದ್ಧತಿ. ಪಿಚ್ಚಿನ ಬಳಿ ನಿಂತವರಿಗೆ ಅಂತಹ ಪೆಟ್ಟಿಗೆಯಿಲ್ಲ. 2018ರ ಜನವರಿಯಲ್ಲಿ ಸಿಡ್ನಿಯಲ್ಲಿ ಆಷಸ್ ಟೆಸ್ಟ್ ನಡೆಯುತ್ತಿದ್ದಾಗ ನಗರದ ನೆರಳಿನ ಉಷ್ಣಾಂಶ 40 ಡಿಗ್ರಿ ದಾಟಿತ್ತು. ಆದರೆ ಮೈದಾನದ ನಡುವೆ ಇರಿಸಿದ್ದ ಮಾಪಕ ತೋರಿಸಿದ್ದು 57 ಡಿಗ್ರಿಗೂ ಅಧಿಕ.

ಈ ಕಾರಣದಿಂದ ಕ್ರೀಡಾ ಸಂಸ್ಥೆಗಳೂ ಸೈನ್ಯಗಳೂ ಬೇರೊಂದು ಅಳತೆಯನ್ನು ಬಳಸುತ್ತವೆ. 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಲ್ಲಿ ಬಿಸಿಲಿನ ಸಾವುಗಳನ್ನು ತಡೆಯಲೆಂದು ರೂಪಿಸಿದ ಅಳತೆ ಅದು. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಮಾಪಕಕ್ಕೆ ನೂರರಲ್ಲಿ 70 ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನ ಮಾಪಕಕ್ಕೆ 20 ಪಾಲು, ನೆರಳಿನ ಸಾಧಾರಣ ಮಾಪಕಕ್ಕೆ ಕೇವಲ 10 ಪಾಲು ಬೆಲೆ. ಬೆವರು ಎಷ್ಟು ಆವಿಯಾಗಬಲ್ಲದು ಎಂಬುದನ್ನು ಒದ್ದೆ ಮಾಪಕ ತಿಳಿಸುವುದರಿಂದ ಅದಕ್ಕೇ ಹೆಚ್ಚು ಪ್ರಾಧಾನ್ಯ.

ಒಂದು ಉದಾಹರಣೆಯನ್ನು ನೋಡೋಣ. ಹೈದರಾಬಾದಿನಲ್ಲಿ ನೆರಳಿನ ಉಷ್ಣಾಂಶ 40 ಡಿಗ್ರಿ, ತೇವಾಂಶ ಶೇಕಡ 25 ಎಂದಿಟ್ಟುಕೊಂಡರೆ ಒದ್ದೆ ಮಾಪಕ ಸುಮಾರು 24 ಡಿಗ್ರಿ ತೋರಿಸುತ್ತದೆ. ಕಪ್ಪು ಗೋಳ 50 ಡಿಗ್ರಿಯೆಂದು ಹಿಡಿದರೆ ಮೊತ್ತ 30.8. ಅದೇ ದಿನ ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಉಷ್ಣಾಂಶ 34, ತೇವಾಂಶ ಶೇಕಡ 70 ಇದ್ದರೆ ಒದ್ದೆ ಮಾಪಕ ಸುಮಾರು 29. ಕಪ್ಪು ಗೋಳ 45 ಎಂದು ಹಿಡಿದರೆ ಮೊತ್ತ 32.7. ಪತ್ರಿಕೆಯಲ್ಲಿ ಆರು ಡಿಗ್ರಿ ತಂಪೆಂದು ಕಾಣುವ ಕರಾವಳಿಯ ಮೈದಾನವೇ ಹೆಚ್ಚು ಅಪಾಯಕಾರಿ ಆಗಬಲ್ಲದು. ರಜೆಗೆಂದು ಊರಿಗೆ ಹೋಗಿ ಅಲ್ಲಿ ಪಂದ್ಯವಾಡುವ ನಮ್ಮ ಮಕ್ಕಳೂ ಇದನ್ನು ತಿಳಿದಿರಬೇಕು. ಇಲ್ಲಿಯೂ ಮಳೆ ಬಿದ್ದ ಮರುದಿನದ ಬಿಸಿಲನ್ನು ಹಗುರವಾಗಿ ಎಣಿಸಬಾರದು.

ಮೊದಲು ಕುಂದುವುದು ವಿವೇಚನೆ

ಈ ಲೇಖನದಲ್ಲಿ ನಾವು ಒತ್ತಿ ಹೇಳಬಯಸುವ ಮಾತು ಇದು. ಬಿಸಿಲಿನ ಪರಿಣಾಮವು ಕಾಲುಗಳ ಮೇಲೆ ಕಾಣಿಸಿಕೊಳ್ಳುವುದಕ್ಕೆ ಮೊದಲೇ ಮನಸ್ಸಿನ ಮೇಲೆ ಆಗಿರುತ್ತದೆ. ದೇಹದ ತೂಕದ ಶೇಕಡ 2ರಷ್ಟು ನೀರು ನಷ್ಟವಾದಾಗಲೇ ಗಮನಶಕ್ತಿ ಕುಂದುವುದನ್ನು ಕಾಣಬಹುದು. 70 ಕಿಲೋ ತೂಕದವರಿಗೆ ಇದು ಒಂದೂವರೆ ಲೀಟರಿಗಿಂತ ಕಡಿಮೆ. ಕಡುಬಿಸಿಲಿನಲ್ಲಿ ಒಂದೆರಡು ಗಂಟೆಗಳಲ್ಲಿ ಇಷ್ಟು ಬೆವರು ಹರಿಯುವುದು ಅಸಾಧಾರಣವೇನಲ್ಲ. ಸಿಡುಕು, ಅನ್ಯಮನಸ್ಕತೆ, ಎಸೆತಗಳ ಎಣಿಕೆ ತಪ್ಪುವುದು, ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರಿಸುವುದು, ಇವೆಲ್ಲ ಮೊದಲ ಸೂಚನೆಗಳು. ಆಟಗಾರನಿಗೆ ಹೀಗಾದರೆ ಒಂದು ಕ್ಯಾಚು ಕೈತಪ್ಪೀತು. ತೀರ್ಪುಗಾರನ ಉಪಕರಣವೇ ಗಮನವಾದುದರಿಂದ ಅವನ ಇಡೀ ಕೆಲಸವೇ ಕೆಡುತ್ತದೆ.

ಇದರೊಳಗೆ ಇನ್ನೊಂದು ತೊಡಕು ಅಡಗಿದೆ. ಪಂದ್ಯವನ್ನು ನಿಲ್ಲಿಸುವ ಅಧಿಕಾರವನ್ನು ಆಟದ ನಿಯಮಗಳು ತೀರ್ಪುಗಾರನಿಗೇ ಕೊಟ್ಟಿವೆ. ಬಿಸಿಲು ಮಿತಿ ಮೀರಿತು ಎಂದು ನಿರ್ಧರಿಸಬೇಕಾದವನ ನಿರ್ಧಾರಶಕ್ತಿಯನ್ನೇ ಬಿಸಿಲು ಮೊದಲು ಕಸಿದುಕೊಳ್ಳುತ್ತದೆ. ತನಗೇನೂ ಆಗಿಲ್ಲ ಎಂದು ಹೇಳುವುದೇ ಉಷ್ಣಾಘಾತದ ಅಂಚಿನಲ್ಲಿರುವವರ ಲಕ್ಷಣವಾಗಿರಲು ಸಾಧ್ಯ. ಹಿರಿಯರಿಗೆ ಸಂಕೋಚವೂ ಅಡ್ಡಿ. ಹುಡುಗರು ಆಡುತ್ತಿರುವಾಗ ತಮಗೆ ತಲೆ ಸುತ್ತುತ್ತಿದೆ ಎಂದು ಹೇಳಲು ಯಾರಿಗೂ ಮನಸ್ಸು ಬಾರದು. ಆದುದರಿಂದ ನಿಲ್ಲಿಸುವ ನಿರ್ಧಾರವನ್ನು ಆ ಹೊತ್ತಿನ ಒಬ್ಬರ ಸಹನಶಕ್ತಿಗೆ ಬಿಡದೆ, ತಂಪಾದ ತಲೆಯಿಂದ ಮೊದಲೇ ಬರೆದಿಟ್ಟ ನಿಯಮಕ್ಕೆ ಒಪ್ಪಿಸುವುದು ವಿವೇಕ.

ನಿಯಮಗಳು ಏನು ಹೇಳುತ್ತವೆ

ಕ್ರಿಕೆಟ್ಟಿನ ನಿಯಮಾವಳಿಯನ್ನು ರೂಪಿಸುವ ಎಂ.ಸಿ.ಸಿ. ಸಂಸ್ಥೆಯ ಎರಡನೆಯ ನಿಯಮದ ಪ್ರಕಾರ, ಮೈದಾನ, ಹವಾಮಾನ ಅಥವಾ ಬೆಳಕು ಅಪಾಯಕಾರಿಯೆಂದು ತೋರಿದರೆ ಇಬ್ಬರೂ ಅಂಪೈರುಗಳು ಸೇರಿ ಆಟವನ್ನು ನಿಲ್ಲಿಸಬಹುದು. ಹವಾಮಾನವೆಂದರೆ ಮಳೆ ಮಾತ್ರವೆಂದು ನಾವು ಭಾವಿಸಿದ್ದೇವೆ, ಬಿಸಿಲೂ ಹವಾಮಾನವೇ. ಆದರೆ ಇಷ್ಟು ಡಿಗ್ರಿ ಮೀರಿದರೆ ನಿಲ್ಲಿಸಿ ಎಂಬ ಅಂಕಿ ಆ ನಿಯಮಾವಳಿಯಲ್ಲಿಲ್ಲ.

ಫುಟ್‌ಬಾಲಿನಲ್ಲಿ ಪರಿಸ್ಥಿತಿ ಹೆಚ್ಚು ಸ್ಪಷ್ಟ. 2014ರ ಬ್ರೆಜಿಲ್ ವಿಶ್ವಕಪ್ಪಿನಲ್ಲಿ, ಮೇಲೆ ವಿವರಿಸಿದ ಮಿಶ್ರ ಅಳತೆ 32 ಡಿಗ್ರಿ ಮುಟ್ಟಿದರೆ ತಂಪಿನ ವಿರಾಮ ನೀಡುವ ಪದ್ಧತಿ ಬಳಕೆಗೆ ಬಂದಿತು. ಈಗ ಆ ಆಟದ ಏಳನೆಯ ನಿಯಮದಲ್ಲೇ ನೀರಿನ ವಿರಾಮಕ್ಕೆ ಒಂದು ನಿಮಿಷದವರೆಗೆ, ತಂಪಿನ ವಿರಾಮಕ್ಕೆ 90 ಸೆಕೆಂಡಿನಿಂದ ಮೂರು ನಿಮಿಷದವರೆಗೆ ಅವಕಾಶ ಸೇರಿದೆ.

ಟೆನಿಸ್‌ನಲ್ಲಿ 2014ರ ಆಸ್ಟ್ರೇಲಿಯನ್ ಓಪನ್ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ನಡೆದಾಗ ಆಟಗಾರರಲ್ಲದೆ ಚೆಂಡು ಹೆಕ್ಕುವ ಹುಡುಗನೊಬ್ಬನೂ ಕುಸಿದ. 2019ರಿಂದ ಅಲ್ಲಿ ಗಾಳಿಯ ಉಷ್ಣಾಂಶ, ಬಿಸಿಲಿನ ಶಾಖ, ತೇವಾಂಶ, ಗಾಳಿಯ ವೇಗ ಈ ನಾಲ್ಕನ್ನೂ ಸೇರಿಸಿ ಒಂದರಿಂದ ಐದರವರೆಗಿನ ಮಾನದಂಡವೊಂದನ್ನು ಬಳಸುತ್ತಾರೆ. ಐದು ಮುಟ್ಟಿದರೆ ಹೊರಾಂಗಣದ ಆಟ ನಿಲ್ಲುತ್ತದೆ. ಅಂಕಿ ಹೇಳಿದ ಮೇಲೆ ಯಾರ ಸಂಕೋಚಕ್ಕೂ ಎಡೆಯಿಲ್ಲ.

ರಾತ್ರಿ ಆಡಿದರೆ ಸಾಲದೇ ಎನ್ನುವವರು 2019ರ ದೋಹಾ ವಿಶ್ವ ಅಥ್ಲೆಟಿಕ್ಸನ್ನು ಗಮನಿಸಬಹುದು. ಮಹಿಳೆಯರ ಮ್ಯಾರಥಾನ್ ಓಟವನ್ನು ಅಲ್ಲಿ ನಡುರಾತ್ರಿಯಲ್ಲಿ ಆರಂಭಿಸಿದರೂ 68 ಮಂದಿಯಲ್ಲಿ 28 ಮಂದಿ ಓಟ ಪೂರೈಸಲಾಗಲಿಲ್ಲ. ಸೂರ್ಯನಿಲ್ಲದಿದ್ದರೂ ತೇವ ಇತ್ತು.

ನಮ್ಮ ನಗರ, ನಮ್ಮ ಪಂದ್ಯಗಳು

2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಸುಮಾರು ಎರಡು ಸಾವಿರ ಮಂದಿ ಬಲಿಯಾದುದನ್ನು ಇಲ್ಲಿ ನೆಲೆಸಿದವರು ಮರೆತಿರಲಾರರು. 2025ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರವು ಬಿಸಿಗಾಳಿಯನ್ನು ರಾಜ್ಯದ ವಿಶೇಷ ವಿಪತ್ತೆಂದು ಘೋಷಿಸಿ, ಮೃತರ ಕುಟುಂಬಕ್ಕೆ ನೀಡುವ ಪರಿಹಾರವನ್ನು 4 ಲಕ್ಷ ರೂಪಾಯಿಗಳಿಗೆ ಏರಿಸಿತು. ಮಾರ್ಚ್ ಮಧ್ಯದಿಂದಲೇ ಇಲ್ಲಿಯ ಶಾಲೆಗಳು ಒಂದು ಹೊತ್ತಿಗೆ ಇಳಿಯುತ್ತವೆ. ಗಡಿಯಾಚೆ ಕರ್ನಾಟಕ ಸರ್ಕಾರವು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್–ಮೇ ತಿಂಗಳುಗಳಲ್ಲಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯನ್ನಿಟ್ಟುಕೊಂಡಿದೆ. ಸರ್ಕಾರಿ ಕಡತವೇ ಬಿಸಿಲಿಗೆ ವೇಳೆ ಬದಲಿಸಿಕೊಳ್ಳುವಾಗ ಕ್ರಿಕೆಟ್ ಪಂದ್ಯವೇಕೆ ಬದಲಿಸಿಕೊಳ್ಳಬಾರದು?

ಮಾದಾಪುರದ ಸುತ್ತಮುತ್ತಣ ನಮ್ಮ ಬದುಕಿಗೆ ಎರಡು ವಿಶೇಷಗಳಿವೆ. ಮೊದಲನೆಯದಾಗಿ, ವಾರದ ಐದು ದಿನ ನಮ್ಮಲ್ಲಿ ಬಹುಮಂದಿ ಹವಾನಿಯಂತ್ರಿತ ಕಚೇರಿಗಳಲ್ಲಿರುವವರು. ದೇಹವು ಬಿಸಿಲಿಗೆ ಹೊಂದಿಕೊಳ್ಳಲು ಏಳರಿಂದ ಹದಿನಾಲ್ಕು ದಿನಗಳ ಕ್ರಮವಾದ ಅಭ್ಯಾಸ ಬೇಕು. ಹೊಂದಿಕೊಂಡ ದೇಹ ಬೇಗನೆ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆದುಕೊಳ್ಳುತ್ತದೆ. ಭಾನುವಾರ ಒಂದೇ ದಿನ ಐದಾರು ಗಂಟೆ ಬಿಸಿಲಿಗಿಳಿಯುವವರಿಗೆ ಈ ರಕ್ಷಣೆ ದೊರೆಯುವುದಿಲ್ಲ. ಗಾರೆ ಕೆಲಸದವರು ಬಿಸಿಲಿನಲ್ಲಿ ದುಡಿಯುವುದಿಲ್ಲವೇ ಎಂಬ ಹೋಲಿಕೆ ಇಲ್ಲಿ ಸಲ್ಲದು. ಅವರಿಗೂ ಅಪಾಯ ಇದ್ದೇ ಇದೆಯೆಂಬುದು ಬೇರೆ ಮಾತು.

ಎರಡನೆಯದಾಗಿ, ಈಚಿನ ವರ್ಷಗಳಲ್ಲಿ ಕೃತಕ ಹುಲ್ಲಿನ ಆಟದ ಅಂಗಳಗಳು ಎಲ್ಲೆಡೆ ತಲೆಯೆತ್ತಿವೆ. ನೋಡಲು ಹಸಿರಾಗಿದ್ದರೂ ಪ್ಲಾಸ್ಟಿಕ್ಕಿನ ಈ ಹುಲ್ಲು ನಿಜವಾದ ಹುಲ್ಲಿನಂತೆ ನೀರನ್ನು ಆವಿಯಾಗಿಸಿ ತಂಪಾಗುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಮೇಲ್ಮೈ 60 ಡಿಗ್ರಿಯನ್ನೂ ದಾಟಬಲ್ಲದು. ಅದರ ಮೇಲೆ ನಿಂತವರಿಗೆ ಮೇಲಿನಿಂದಲೂ ಕೆಳಗಿನಿಂದಲೂ ಶಾಖ.

ಆಯೋಜಕರು ಮಾಡಬೇಕಾದುದು

ಇದಕ್ಕೆಲ್ಲ ದೊಡ್ಡ ವೆಚ್ಚವೇನೂ ಬೇಕಿಲ್ಲ. ಕ್ರೀಡಾಕೂಟ ನಡೆಸುವ ಸಂಘ ಸಂಸ್ಥೆಗಳ ಮುಂದೆ ಈ ಕೆಲವು ಸಲಹೆಗಳನ್ನು ಇಡುತ್ತಿದ್ದೇವೆ.

1. ಏಪ್ರಿಲ್–ಮೇ ತಿಂಗಳ ಪಂದ್ಯಗಳನ್ನು ಬೆಳಿಗ್ಗೆ 6 ಗಂಟೆಗೆ ಆರಂಭಿಸಿ 10 ಗಂಟೆಯೊಳಗೆ ಮುಗಿಸತಕ್ಕದ್ದು. ಮಧ್ಯಾಹ್ನ 11ರಿಂದ 4ರವರೆಗೆ ಯಾವ ಪಂದ್ಯವೂ ಬೇಡ. ಸಾಧ್ಯವಿದ್ದರೆ ಡಿಸೆಂಬರ್–ಜನವರಿಗೆ ಮುಂದೂಡುವುದು ಇನ್ನೂ ಉತ್ತಮ.

2. ಪ್ರತಿ ಪಂದ್ಯಕ್ಕೆ ಇಬ್ಬರ ಬದಲು ಮೂವರು ಅಥವಾ ನಾಲ್ವರು ಅಂಪೈರುಗಳಿರಲಿ. ಒಂದು ಗಂಟೆಗೊಮ್ಮೆ ಒಬ್ಬರು ನೆರಳಿಗೆ ಬಂದು ಕುಳಿತುಕೊಳ್ಳುವಂತೆ ಸರದಿಯನ್ನು ಮೊದಲೇ ಬರೆದಿಡಿ. ಒಬ್ಬರನ್ನೇ ದಿನಕ್ಕೆ ಎರಡು ಪಂದ್ಯಗಳಿಗೆ ನಿಲ್ಲಿಸಬೇಡಿ.

3. ನೀರಿನ ವಿರಾಮವನ್ನು ಆಟಗಾರರು ಕೇಳಿದಾಗ ಕೊಡುವ ಬದಲು ಗಡಿಯಾರ ನೋಡಿ ಕೊಡಿ. ನೀರು ತರುವ ಹುಡುಗ ಮೊದಲು ಅಂಪೈರ್ ಬಳಿಗೆ ಹೋಗಲಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಸಾಕು. ಗಂಟೆಗೆ ಒಂದೂವರೆ ಲೀಟರ್ ಮೀರಿ ಕುಡಿಯುವುದೂ ಹಿತವಲ್ಲ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ಬೇರೆಯೇ ಅಪಾಯ ಒದಗುತ್ತದೆ. ಉಪ್ಪು ಬೆರೆತ ನೀರುಮಜ್ಜಿಗೆ, ನಿಂಬೆಹಣ್ಣಿನ ಪಾನಕ, ಓ.ಆರ್.ಎಸ್. ಇವು ಉಪಯುಕ್ತ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತಿನಂತೆ ನಡೆಯಲಿ.

4. ತಿಳಿಬಣ್ಣದ ಸಡಿಲವಾದ ಹತ್ತಿಯ ಉಡುಪು, ಅಗಲ ಅಂಚಿನ ಟೋಪಿ ಅಂಪೈರಿಗೆ ಇರಲಿ. ಕಪ್ಪು ಬಣ್ಣದ ಟೀ ಶರ್ಟ್ ಹಂಚುವ ಪದ್ಧತಿಯನ್ನು ಬೇಸಿಗೆಯಲ್ಲಿ ಕೈಬಿಡಿ. ಎಸೆತಗಳ ನಡುವೆ ನಾಲ್ಕು ಹೆಜ್ಜೆ ಓಡಾಡುವುದೂ ಹಿಮ್ಮಡಿ ಎತ್ತಿ ಇಳಿಸುವುದೂ ಕಾಲಿನ ರಕ್ತವನ್ನು ಮೇಲಕ್ಕೆ ಕಳುಹಿಸಲು ಸಹಾಯಕ.

5. ಆಟದಲ್ಲೂ ತೀರ್ಪಿನಲ್ಲೂ ಭಾಗವಹಿಸದ ಒಬ್ಬರನ್ನು ಉಸ್ತುವಾರಿಗೆಂದು ನೇಮಿಸಿ. ಅವರು ನೆರಳಿನಲ್ಲಿ ಕುಳಿತು, ಮೊದಲೇ ಒಪ್ಪಿಕೊಂಡ ಮಿತಿ ಮೀರಿದೊಡನೆ ಪಂದ್ಯ ನಿಲ್ಲಿಸುವ ಅಧಿಕಾರ ಹೊಂದಿರಲಿ. ಪ್ರತಿ ವಿರಾಮದಲ್ಲೂ ಅಂಪೈರುಗಳನ್ನೂ ಸ್ಕೋರರನ್ನೂ ಮಾತನಾಡಿಸಿ ಅವರ ಉತ್ತರದ ಧಾಟಿಯನ್ನು ಗಮನಿಸುವುದು ಅವರ ಹೊಣೆ.

6. ಹಿಂದಿನ ದಿನ ಜ್ವರ, ಭೇದಿ ಆಗಿದ್ದವರು, ರಾತ್ರಿ ನಿದ್ದೆಗೆಟ್ಟವರು, ಮದ್ಯ ಸೇವಿಸಿದವರು, ಉಪವಾಸದಲ್ಲಿರುವವರು ಆ ದಿನ ನಿಲ್ಲಬಾರದು. ಹೀಗೆ ಕೇಳುವುದು ಅವಮಾನವಲ್ಲವೆಂದು ಎಲ್ಲರಿಗೂ ಮೊದಲೇ ತಿಳಿಸಿಡಿ.

ಯಾರಾದರೂ ಕುಸಿದರೆ

ತಲೆನೋವು, ವಾಕರಿಕೆ, ಸುಸ್ತು, ವಿಪರೀತ ಬೆವರು ಇದ್ದು ಮಾತು ಸ್ಪಷ್ಟವಾಗಿದ್ದರೆ ಅದು ಬಿಸಿಲಿನ ಬಳಲಿಕೆ. ನೆರಳಿಗೆ ಕರೆತಂದು ಮಲಗಿಸಿ, ಕಾಲುಗಳನ್ನು ಎತ್ತರದಲ್ಲಿಟ್ಟು, ಉಡುಪು ಸಡಿಲಿಸಿ, ಗುಟುಕು ಗುಟುಕಾಗಿ ನೀರು ಕೊಡಬೇಕು. ಆ ದಿನ ಅವರು ಮತ್ತೆ ಮೈದಾನಕ್ಕಿಳಿಯಬಾರದು.

ಮಾತು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ತೂರಾಡಿದರೆ, ಅಪಸ್ಮಾರದಂತೆ ಸೆಟೆದರೆ ಅಥವಾ ಪ್ರಜ್ಞೆ ತಪ್ಪಿದರೆ ಉಷ್ಣಾಘಾತವೆಂದೇ ಭಾವಿಸಿ. ಮೈ ಒಣಗಿರಬೇಕೆಂದೇನೂ ಇಲ್ಲ. ಬೆವರುತ್ತಿರುವವರಿಗೂ ಉಷ್ಣಾಘಾತ ಆಗುತ್ತದೆ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಆಂಬುಲೆನ್ಸಿಗೆ ಕಾಯದೆ ತಣಿಸಲು ತೊಡಗಲಿ. ದೊಡ್ಡ ಟಬ್ಬಿನಲ್ಲಿ ತಣ್ಣೀರು, ಮಂಜುಗಡ್ಡೆ ಇದ್ದರೆ, ರೋಗಿಯನ್ನು ಹಿಡಿದುಕೊಂಡು ತಲೆ ಮೇಲಿರುವಂತೆ ಕತ್ತಿನವರೆಗೆ ಮುಳುಗಿಸುವುದು ಅತ್ಯುತ್ತಮ. ಅದಿಲ್ಲದಿದ್ದರೆ ಕೈಗೆ ಸಿಕ್ಕಷ್ಟು ತಣ್ಣೀರನ್ನು ಮೈಮೇಲೆಲ್ಲ ಸುರಿದು ಜೋರಾಗಿ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಯ ಸಂದಿಗಳಲ್ಲಿ ಮಂಜುಗಡ್ಡೆ ಸುತ್ತಿದ ಬಟ್ಟೆಯಿಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು. ಜ್ವರದ ಮಾತ್ರೆಯಿಂದ ಈ ತಾಪ ಇಳಿಯುವುದಿಲ್ಲ.

ಮೊದಲು ತಣಿಸಿ, ಆಮೇಲೆ ಸಾಗಿಸಿ ಎಂಬ ಈ ಸೂತ್ರಕ್ಕೆ ಗಟ್ಟಿಯಾದ ಆಧಾರವಿದೆ. ಅಮೆರಿಕದ ಫಾಲ್ಮತ್ ಎಂಬ ಊರಿನ ವಾರ್ಷಿಕ ಓಟದಲ್ಲಿ ಹದಿನೆಂಟು ವರ್ಷಗಳಲ್ಲಿ ಉಷ್ಣಾಘಾತಕ್ಕೊಳಗಾದ 274 ಮಂದಿಯನ್ನು ಸ್ಥಳದಲ್ಲೇ ತಣ್ಣೀರಿನ ತೊಟ್ಟಿಗಳಲ್ಲಿ ತಣಿಸಲಾಯಿತು. ಆ 274 ಮಂದಿಯೂ ಬದುಕಿದರು. ಒಂದು ಟಬ್ಬು, ನಾಲ್ಕು ಮೂಟೆ ಮಂಜುಗಡ್ಡೆ, ಒಂದು ಟಾರ್ಪಾಲಿನ ನೆರಳು, ಇವುಗಳ ಬೆಲೆ ನಮ್ಮ ಪಂದ್ಯಾವಳಿಗಳ ಪಾರಿತೋಷಕಗಳ ಬೆಲೆಗಿಂತ ಕಡಿಮೆ.

ಈ ಬಾರಿಯ ಬೇಸಿಗೆಯ ಪಂದ್ಯಗಳ ವೇಳಾಪಟ್ಟಿ ಸಿದ್ಧಪಡಿಸುವವರು ತಂಡಗಳ ಹೆಸರಿನ ಕೆಳಗೆ ಅಂಪೈರುಗಳ ಸರದಿಯನ್ನೂ ಉಸ್ತುವಾರಿಯವರ ಹೆಸರನ್ನೂ ಪಂದ್ಯ ನಿಲ್ಲಿಸುವ ಮಿತಿಯನ್ನೂ ಅಚ್ಚು ಹಾಕಿಸಲಿ ಎಂದು ಕೋರುತ್ತೇವೆ. ನಮ್ಮ ಮಾತಿಗೆ ಓಗೊಟ್ಟು ಭಾನುವಾರದ ಬಿಡುವನ್ನು ಮೈದಾನದಲ್ಲಿ ಕಳೆಯಲು ಒಪ್ಪಿದ ಹಿರಿಯರು ಸಂಜೆ ಸುರಕ್ಷಿತವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದು ಅವರನ್ನು ಕರೆದ ನಮ್ಮ ಕರ್ತವ್ಯ.